ಕತ್ತರಿಸಿದ ಮೇಲೂ ಜಿರಾಫೆ ಕಾಣಬೇಕು

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನಮ್ಮ ಕಚೇರಿ. ಒಳ್ಳೆಯ ಕೆಲಸಕ್ಕೆ ದುಡ್ಡು ಸೇರಿಸುವ ಮಾತು ಬಂದರೆ ಸಾಕು, 'ಮೇಡಂ, ಈ ಸಲ ಯಾವ ಕೇಕ್?' ಎಂದು ಎಲ್ಲರೂ ನನ್ನ ಕಡೆ ನೋಡುತ್ತಾರೆ.

ಹುಟ್ಟುಹಬ್ಬದ ಕೇಕ್ ಕತ್ತರಿಸುವ ತನಕ ಚೆಂದ ಕಂಡರೆ ಸಾಕು. ಫೋಟೊ ಬಂತು, ಮುಗಿಯಿತು. ಇಲ್ಲಿ ಹಾಗಲ್ಲ, ನಾವು ಮಾರುವುದು ತುಂಡುಗಳನ್ನು. ಕೊನೆಯ ತುಂಡು ಕೊಂಡವರಿಗೂ ಥೀಮ್ ಸಿಗಬೇಕು, ಅಲ್ವಾ? ಅದಕ್ಕೇ ಚಾಕು ಎಲ್ಲೆಲ್ಲಿ ಹಾಯಬೇಕು ಅನ್ನುವುದನ್ನು ಮೊದಲು ಕಾಗದದ ಮೇಲೆ ಗೆರೆ ಎಳೆದು ನೋಡುತ್ತೇನೆ. ಅಲಂಕಾರದ ಯೋಚನೆ ಆಮೇಲೆ. ಅಯ್ಯಂಗಾರ್ ಬೇಕರಿಯವರು ಹನಿ ಕೇಕನ್ನು ದೊಡ್ಡ ಟ್ರೇಯಲ್ಲಿ ಮಾಡಿ ಚೌಕ ಚೌಕ ಕತ್ತರಿಸಿ ಮಾರುತ್ತಾರಲ್ಲ, ಲೆಕ್ಕಾಚಾರ ಅದೇ.

ನನಗೆ ತುಂಬಾ ಖುಷಿ ಕೊಟ್ಟದ್ದು ಮೃಗಾಲಯದ ಕೇಕ್. 1892ರಲ್ಲಿ ಶುರುವಾದ ನಮ್ಮ ಚಾಮರಾಜೇಂದ್ರ ಮೃಗಾಲಯದಲ್ಲಿ ಪ್ರಾಣಿಗಳನ್ನು ದತ್ತು ತೆಗೆದುಕೊಳ್ಳುವ ಯೋಜನೆ ಇದೆ. ಪ್ರಾಣಿಗೆ ತಕ್ಕ ಮೊತ್ತ ಕಟ್ಟಬೇಕು. ಅದಕ್ಕೆ ದುಡ್ಡು ಸೇರಿಸಲು ಎರಡು ಬಗೆಯ ಕೇಕ್ ಮಾಡಿದೆ. ಒಂದು ಜಿರಾಫೆ, ಇನ್ನೊಂದು ಜೀಬ್ರಾ. ಜಿರಾಫೆಗೆ 9 ಇಂಚು ಅಗಲ, 13 ಇಂಚು ಉದ್ದದ ಟ್ರೇ. 24 ತುಂಡು ಬರುತ್ತದೆ. ತಿಳಿ ಹಳದಿ ಬಣ್ಣದ ಮೇಲೆ ಕಂದು ಮಚ್ಚೆಗಳು. ಎಲ್ಲಿ ಕತ್ತರಿಸಿದರೂ ಜಿರಾಫೆಯ ಚರ್ಮವೇ ಕಾಣುತ್ತದೆ. ಕಣ್ಣು, ಕಿವಿ, ಕೊಂಬು ಬಿಡಿಸುತ್ತಾ ಕೂರುವ ಕೆಲಸವೇ ಇಲ್ಲ.

ಜೀಬ್ರಾದ ಪಟ್ಟೆ ಇರುವುದು ಕೇಕಿನ ಒಳಗೆ. ಒಂದೂವರೆ ಕಪ್ ಮೈದಾ, ಒಂದು ಕಪ್ ಗಟ್ಟಿ ಮೊಸರು, ಮುಕ್ಕಾಲು ಕಪ್ ಸಕ್ಕರೆ, ಅರ್ಧ ಕಪ್ ಎಣ್ಣೆ, ಒಂದೂಕಾಲು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಅಡುಗೆ ಸೋಡಾ, ಸ್ವಲ್ಪ ವೆನಿಲ್ಲಾ. ಕಲಸಿದ ಹಿಟ್ಟನ್ನು ಎರಡು ಪಾಲು ಮಾಡಿ. ಒಂದಕ್ಕೆ ಎರಡು ದೊಡ್ಡ ಚಮಚ ಕೋಕೋ ಪುಡಿ, ಇನ್ನೊಂದಕ್ಕೆ ಅಷ್ಟೇ ಮೈದಾ ಸೇರಿಸಿ. ಎರಡೂ ಒಂದೇ ಹದಕ್ಕೆ ಬರಬೇಕು. 7 ಇಂಚಿನ ದುಂಡು ತಟ್ಟೆಯ ನಡುವೆ ಬಿಳಿ ಹಿಟ್ಟು ಎರಡು ಚಮಚ, ಅದರ ಮೇಲೆಯೇ ಕಪ್ಪು ಎರಡು ಚಮಚ, ಮತ್ತೆ ಬಿಳಿ, ಹೀಗೇ ಸುರಿಯುತ್ತಾ ಹೋಗಿ. ತಟ್ಟೆ ಅಲ್ಲಾಡಿಸಬೇಡಿ, ಹಿಟ್ಟು ತಾನೇ ಹರಡುತ್ತದೆ. ಮೊಸರು ಸೋಡಾಕ್ಕೆ ತಾಗಿದ ಕೂಡಲೇ ಗುಳ್ಳೆ ಏಳುತ್ತದೆ, ಆ ಗುಳ್ಳೆ ಆರುವುದರೊಳಗೆ ಹಿಟ್ಟು ಓವನ್‌ಗೆ ಹೋಗಬೇಕು. ಅದಕ್ಕೆ ಓವನ್ ಮೊದಲೇ ಕಾದಿರಲಿ. 180 ಡಿಗ್ರಿಯಲ್ಲಿ 30ರಿಂದ 35 ನಿಮಿಷ. ಕರೆಂಟ್ ತೆಗೆಯುವ ದಿನ ಪೇಪರಿನಲ್ಲಿ ಬಂದಿರುತ್ತದೆ, ನೋಡಿಕೊಂಡೇ ಕೆಲಸ ಶುರು ಮಾಡಿ.

ಮೊಟ್ಟೆ ಹಾಕದಿರುವುದಕ್ಕೆ ಕಾರಣ ಸರಳ. 'ಮೊಟ್ಟೆ ಇದೆಯಾ?' ಅನ್ನುವುದೇ ನಮ್ಮಲ್ಲಿ ಮೊದಲ ಪ್ರಶ್ನೆ. ಸೋಮವಾರ, ಶನಿವಾರ ತಿನ್ನದವರೂ ಇದ್ದಾರೆ. ಮೊಟ್ಟೆ ಇಲ್ಲ ಅಂದರೆ ಎಲ್ಲರೂ ಕೊಳ್ಳುತ್ತಾರೆ. ಫಾಂಡಂಟ್, ಅಂದರೆ ಅಲಂಕಾರಕ್ಕೆ ಬಳಸುವ ಸಕ್ಕರೆಯ ಕಣಕ, ಕೊಳ್ಳುವಾಗಲೂ ಪೊಟ್ಟಣದ ಮೇಲೆ ಹಸಿರು ಚುಕ್ಕಿ ನೋಡಿ, ಕೆಲವಕ್ಕೆ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆಯುವ ಜೆಲಾಟಿನ್ ಹಾಕಿರುತ್ತಾರೆ. ಸುಮ್ನೆ ಯಾರ ವ್ರತವನ್ನೂ ಕೆಡಿಸುವುದು ಬೇಡ.

ನಮ್ಮ ಏಪ್ರಿಲ್ ಬಿಸಿಲಿಗೆ ಬೆಣ್ಣೆಯ ಕ್ರೀಮ್ ನಿಲ್ಲುವುದಿಲ್ಲ, ಮೆತ್ತಗಾಗಿ ಜಾರುತ್ತದೆ. ಫ್ರಿಜ್‌ನಿಂದ ತೆಗೆದ ಫಾಂಡಂಟ್ ಬೆವರಿ ಬಣ್ಣ ಬಿಡುತ್ತದೆ. ನಾನು ಬಳಸುವುದು ಗನಾಶ್, ಅಂದರೆ ಬಿಸಿ ಕ್ರೀಮಿನಲ್ಲಿ ಚಾಕೊಲೇಟ್ ಕರಗಿಸಿ ಮಾಡುವ ಲೇಪ. ಕಪ್ಪು ಚಾಕೊಲೇಟ್ ಆದರೆ ಎರಡು ಪಾಲಿಗೆ ಒಂದು ಪಾಲು ಕ್ರೀಮ್, ಬಿಳಿಯದಾದರೆ ಮೂರಕ್ಕೆ ಒಂದು. ಬೇಸಿಗೆಯಲ್ಲಿ ಕಚೇರಿ ತಲುಪುವ ತನಕ ಗಟ್ಟಿಯಾಗಿ ಕೂರುವುದು ಇದೊಂದೇ. ಖರ್ಚು ಜಾಸ್ತಿ, ಆದರೂ ಇದೇ ಇರಲಿ.

ಸರ್ಕಾರಿ ಶಾಲೆಯ ಪುಸ್ತಕಗಳಿಗೆ ದುಡ್ಡು ಬೇಕಾದಾಗ ಮಂಡ್ಯದ ಸಹೋದ್ಯೋಗಿಗಳು ಬಿಡಲಿಲ್ಲ. ಕಬ್ಬಿನ ಗದ್ದೆಯೇ ಆಗಬೇಕು, ಬೆಲ್ಲದಲ್ಲೇ ಆಗಬೇಕು ಅಂದರು. ಬೆಲ್ಲ ಕರಗಿಸಿ, ಸೋಸಿ, ಪೂರ್ತಿ ಆರಿದ ಮೇಲೆಯೇ ಮೊಸರಿಗೆ ಬೆರೆಸಬೇಕು. ಬಿಸಿ ಇದ್ದರೆ ಮೊಸರು ಒಡೆಯುತ್ತದೆ. ಪಾಕದಲ್ಲೇ ನೀರು ಇರುವುದರಿಂದ ಮೊಸರು ಸ್ವಲ್ಪ ಕಡಿಮೆ ಸಾಕು. ಪ್ರತಿ ತುಂಡಿಗೂ ಒಂದೊಂದು ವೇಫರ್ ಕಡ್ಡಿ ನೆಟ್ಟು, ತುದಿಗೆ ಹಸಿರು ಫಾಂಡಂಟ್ ಗರಿ ಅಂಟಿಸಿದೆ. ಗದ್ದೆ ಗದ್ದೆಯಂತೆಯೇ ಇತ್ತು. ಕೊಂಡವರೆಲ್ಲ ಒಂದೊಂದು ಜಲ್ಲೆ ಹಿಡಿದುಕೊಂಡು ಹೋದರು.

ಇನ್ನು ದುಡ್ಡಿನ ವಿಷಯ. ಸಾಮಾನಿನ ಖರ್ಚು ನನ್ನದೇ, ಅದನ್ನು ಕಳೆಯುವುದಿಲ್ಲ. ತಿಂಗಳ ಕೊನೆಯ ವಾರ ಇಟ್ಟುಕೊಳ್ಳಬೇಡಿ, ಸಂಬಳ ಬಂದ ವಾರವೇ ಸರಿ. ತುಂಡಿಗೆ 30 ರೂಪಾಯಿ ದಾಟಿಸುವುದಿಲ್ಲ. ಸೆಕ್ಯೂರಿಟಿಯವರು, ಹೌಸ್‌ಕೀಪಿಂಗ್ ಅಕ್ಕಂದಿರು ಮುಜುಗರ ಇಲ್ಲದೆ ಕೊಳ್ಳುವಂತಿರಬೇಕು. ಹೆಚ್ಚು ಕೊಡುವವರಿಗೆ ಪಕ್ಕದಲ್ಲಿ ಡಬ್ಬಿ ಇರುತ್ತದೆ. ದೊಡ್ಡ ಮೊತ್ತ ಬರುವುದು ಹರಾಜಿನಲ್ಲಿ. ಫಾಂಡಂಟ್‌ನಲ್ಲಿ ಮಾಡಿದ ಒಂದು ಆನೆಯನ್ನೋ ಹುಲಿಯನ್ನೋ ಗಣೇಶನ ಪೆಂಡಾಲಿನಲ್ಲಿ ಹಣ್ಣು ಹರಾಜು ಹಾಕುವಂತೆ ಕೂಗುತ್ತೇವೆ. ಮ್ಯಾನೇಜರ್ ಸರ್‌ಗೂ ಅಕೌಂಟ್ಸ್ ವಿಭಾಗಕ್ಕೂ ಪೈಪೋಟಿ ಹಚ್ಚಿಬಿಟ್ಟರೆ ಮುಗಿಯಿತು, ಒಂದು ಟ್ರೇ ಕೇಕಿನ ದುಡ್ಡು ಒಂದೇ ಆನೆಗೆ ಬರುತ್ತದೆ. ಕಟ್ಟಿದ ಹಣದ ರಸೀದಿಯನ್ನು ಕ್ಯಾಂಟೀನಿನ ಬೋರ್ಡಿಗೆ ಅಂಟಿಸುತ್ತೇವೆ. ಮುಂದಿನ ಸಲ ಕೇಳುವುದು ಸುಲಭವಾಗುತ್ತದೆ.