ಮೊದಲು ಬೆಂಡಿಂಗ್, ಆಮೇಲೆ ಆನೊಡೈಸಿಂಗ್

ಕಪ್ಪು ಆನೊಡೈಸ್ ಮಾಡಿಸಿದ ಅಲ್ಯೂಮಿನಿಯಂ ಬ್ರಾಕೆಟ್ಟನ್ನು ಪ್ರೆಸ್ ಬ್ರೇಕಿಗೆ (ಶೀಟು ಬಗ್ಗಿಸುವ ಯಂತ್ರಕ್ಕೆ) ಕೊಟ್ಟು ಬಗ್ಗಿಸಿ ನೋಡಿ. ಬೆಂಡಿನ ಹೊರಮೈಯಲ್ಲಿ ಮಡಿಕೆಯ ಉದ್ದಕ್ಕೂ ಕೂದಲೆಳೆಯಂಥ ಬಿಳಿ ಗೆರೆಗಳು ಏಳುತ್ತವೆ. ಆಪರೇಟರನ್ನು ಬೈದು ಪ್ರಯೋಜನವಿಲ್ಲ. ಆನೊಡೈಸಿಂಗ್ ಪೇಂಟಿನಂತೆ ಮೇಲೆ ಬಳಿದದ್ದಲ್ಲ, ಲೋಹದ ಮೇಲ್ಮೈಯೇ ಆಕ್ಸೈಡ್ ಆಗಿ ಬೆಳೆದ ಪದರ. ಗುಣದಲ್ಲಿ ಪಿಂಗಾಣಿಯ ಜಾತಿ: ಗಟ್ಟಿ, ಆದರೆ ಶೇ 0.5ರಷ್ಟು ಎಳೆದರೂ ಸಾಕು, ಸೀಳುತ್ತದೆ.

ಬೆಂಡಿನಲ್ಲಿ ಹೊರಮೈ ಎಷ್ಟು ಹಿಗ್ಗುತ್ತದೆ? ಒಳ ರೇಡಿಯಸ್ಸಿನ ಎರಡರಷ್ಟಕ್ಕೆ ಶೀಟಿನ ದಪ್ಪ ಕೂಡಿಸಿ, ಆ ಮೊತ್ತದಿಂದ ದಪ್ಪವನ್ನು ಭಾಗಿಸಿ. 2 ಮಿ.ಮೀ. ಶೀಟು, 4 ಮಿ.ಮೀ. ರೇಡಿಯಸ್ ಆದರೆ 2 ÷ 10, ಅಂದರೆ ಶೇ 20. ರೇಡಿಯಸ್ 10 ಮಿ.ಮೀ.ಗೆ ಏರಿಸಿದರೂ ಶೇ 9. ಶೇ 0.5ರೊಳಗೆ ನಿಲ್ಲಬೇಕಾದರೆ ರೇಡಿಯಸ್ ಸುಮಾರು 200 ಮಿ.ಮೀ. ಬೇಕು. ಅಷ್ಟು ದೊಡ್ಡ ರೇಡಿಯಸ್ಸಿನಲ್ಲಿ ಬ್ರಾಕೆಟ್ ಆಗುವುದಿಲ್ಲ. ಪದರ ತೆಳುವಾದರೆ ಗೆರೆ ಕಡಿಮೆ ಎದ್ದು ಕಾಣುತ್ತದೆ, ಬಣ್ಣ ಹಾಕದ ಆನೊಡೈಸ್‌ನಲ್ಲಿ ಇನ್ನೂ ಕಡಿಮೆ, ಅಷ್ಟೇ. ಬಿಸಿ ಮಾಡಿ ಬಗ್ಗಿಸುವ ಉಪಾಯ ಬೇಡ: ಆಕ್ಸೈಡಿಗಿಂತ ಅಲ್ಯೂಮಿನಿಯಂ ಹಲವು ಪಟ್ಟು ಹಿಗ್ಗುವುದರಿಂದ ಬರೀ ಬಿಸಿಗೇ ಪದರ ಬಿರಿಯುತ್ತದೆ.

ಆದ್ದರಿಂದ ಡ್ರಾಯಿಂಗಿನಲ್ಲೇ ‘ಬೆಂಡಿಂಗ್ ಆದ ಮೇಲೆ ಆನೊಡೈಸ್’ ಎಂದು ಬರೆಯಿರಿ. ಶೀಟು 5052-ಎಚ್32 ದರ್ಜೆಯ ಅಲ್ಯೂಮಿನಿಯಂ ಮಿಶ್ರಲೋಹವಾಗಿದ್ದರೆ ದಪ್ಪದಷ್ಟೇ ಒಳ ರೇಡಿಯಸ್ ಸಾಮಾನ್ಯವಾಗಿ ಸಾಕಾಗುತ್ತದೆ. 6061-ಟಿ6 ದರ್ಜೆ ಹಠಮಾರಿ. ಅದಕ್ಕೆ ದಪ್ಪದ ಮೂರು ಪಟ್ಟಾದರೂ ಕೊಡಿ, ಮೊದಲು ಒಂದು ತುಂಡಿನಲ್ಲಿ ಪರೀಕ್ಷಿಸಿ. ಬೆಂಡ್ ಗೆರೆ ರೋಲಿಂಗ್ ದಿಕ್ಕಿಗೆ (ಕಾರ್ಖಾನೆಯಲ್ಲಿ ಶೀಟನ್ನು ಉರುಳೆಯಲ್ಲಿ ಎಳೆದ ದಿಕ್ಕಿಗೆ) ಅಡ್ಡವಾಗಿರಲಿ. ಶೀಟಿನ ಪ್ಲಾಸ್ಟಿಕ್ ಫಿಲ್ಮನ್ನು ಬೆಂಡ್ ಮುಗಿಯುವವರೆಗೆ ಕೀಳಬೇಡಿ. ಪ್ರೆಸ್ ಬ್ರೇಕಿನ ಡೈ (ಅಚ್ಚು) ಬಿಟ್ಟ ಗೀರು ಆನೊಡೈಸ್ ಆದ ಮೇಲೆ ಮುಚ್ಚಿಹೋಗುವುದಿಲ್ಲ, ಇನ್ನೂ ಎದ್ದು ಕಾಣುತ್ತದೆ. ಪೂರ್ತಿ ಒತ್ತಿದ ಹೆಮ್ (ಶೀಟಿನ ಅಂಚನ್ನು ಅದರ ಮೇಲೇ ಮಡಿಚಿದ್ದು) ಬೇಡ. ಸಂದಿಯಲ್ಲಿ ಉಳಿದ ಆನೊಡೈಸಿಂಗ್ ತೊಟ್ಟಿಯ ಆಸಿಡ್ ಆಮೇಲೆ ಒಸರಿ ಬಿಳಿ ಕಲೆ ಬಿಡುತ್ತದೆ. ತೊಟ್ಟಿಯಲ್ಲಿ ಪಾರ್ಟನ್ನು ತೂಗುಹಾಕುವ ಜಿಗ್ ಹಿಡಿಯುವ ಜಾಗದಲ್ಲಿ ಪದರ ಬೆಳೆಯುವುದಿಲ್ಲ, ಅದು ಎಲ್ಲಿರಬೇಕೆಂದು ಆನೊಡೈಸಿಂಗ್ ಅಂಗಡಿಗೆ ಮೊದಲೇ ಗುರುತು ಮಾಡಿ ಕೊಡಿ.

ಬಗ್ಗಿಸಿ ಆಗಿಹೋಗಿದೆ, ಬಿರುಕು ಬಂದಿದೆ ಅಂದರೆ, ಒಡೆದದ್ದು ಪದರವೋ ಲೋಹವೋ ನೋಡಿ. ಒತ್ತೊತ್ತಾದ ಹಲವು ಗೆರೆ, ಉಗುರಿಗೆ ತಾಕದಿದ್ದರೆ ಬಹುತೇಕ ಪದರ ಮಾತ್ರ. ಒಂದೇ ಗೆರೆ, ಉಗುರು ಸಿಕ್ಕಿಕೊಳ್ಳುತ್ತದೆ ಎಂದರೆ ಲೋಹವೇ ಸೀಳಿದೆ. ಭಾರ ಹೊರುವ ಪಾರ್ಟಾದರೆ ಸ್ಕ್ರ್ಯಾಪಿಗೆ ಹಾಕಿ. ಅನುಮಾನವಿದ್ದರೆ ಪದರ ತೆಗೆದ ಮೇಲೆ ಡೈ ಪೆನಿಟ್ರೆಂಟ್ ಪರೀಕ್ಷೆ (ಬಣ್ಣದ ದ್ರವವನ್ನು ಬಿರುಕಿಗೆ ಇಳಿಸಿ ನೋಡುವುದು) ಮಾಡಿಸಿ.

ಪದರ ಮಾತ್ರ ಒಡೆದಿದ್ದರೆ ಅದನ್ನು ಪೂರ್ತಿ ತೆಗೆದು ಮತ್ತೆ ಆನೊಡೈಸ್ ಮಾಡಬಹುದು. ಶೇ 5ರ ಕಾಸ್ಟಿಕ್ ಸೋಡಾ ದ್ರಾವಣ, 50–60 ಡಿಗ್ರಿ ಸೆಲ್ಸಿಯಸ್. ನೀರಿಗೆ ಕಾಸ್ಟಿಕ್ ಹಾಕಿ, ಕಾಸ್ಟಿಕ್ ಮೇಲೆ ನೀರು ಸುರಿಯಬೇಡಿ. ಕನ್ನಡಕ, ಗ್ಲೌಸ್ ಇರಲಿ. ಹೈಡ್ರೋಜನ್ ಏಳುತ್ತದೆ, ಹತ್ತಿರ ಬೆಂಕಿ ಬೇಡ. ಗುಳ್ಳೆಗಳು ಜೋರಾದವೆಂದರೆ ಪದರ ಹೋಗಿ ಲೋಹ ಕರಗುತ್ತಿದೆ: ತಕ್ಷಣ ಎತ್ತಿ ತೊಳೆಯಿರಿ. ಮೇಲೆ ಕೂತ ಕಪ್ಪು ಮಸಿಯನ್ನು ಆನೊಡೈಸಿಂಗ್ ಅಂಗಡಿಯವರು ನೈಟ್ರಿಕ್ ಆಸಿಡ್‌ನಲ್ಲಿ ತೆಗೆಯುತ್ತಾರೆ. ಟ್ಯಾಪ್ ಮಾಡಿದ (ಒಳಗೆ ಥ್ರೆಡ್ ಕೊರೆದ) ತೂತುಗಳಿಗೆ ಮೊದಲೇ ರಬ್ಬರ್ ಪ್ಲಗ್ ಹಾಕಿರಬೇಕು, ಇಲ್ಲದಿದ್ದರೆ ಥ್ರೆಡ್ ಸಡಿಲವಾಗುತ್ತದೆ.