ಜರ್ಮನಿಯಲ್ಲಿ ಹೊಸ ಮನೆ: ಮೊದಲು ಏನು ಕೊಳ್ಳಬೇಕು, ಯಾವುದಕ್ಕೆ ಕಾಯಬೇಕು

ಹಾಸನ, ಚಿಕ್ಕಮಗಳೂರಿನಿಂದ ಓದಲು, ಕೆಲಸಕ್ಕೆ ಜರ್ಮನಿಗೆ ಹೊರಟವರಿಗೆ ವೀಸಾ, ಟಿಕೆಟ್ ಬಗ್ಗೆ ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಮನೆ ಹೂಡುವುದನ್ನು ಮಾತ್ರ ಅಲ್ಲಿಗೆ ಹೋಗಿಯೇ ಕಲಿಯಬೇಕಾಗುತ್ತದೆ. ನಮ್ಮೂರಲ್ಲಿ ಮನೆ ಬದಲಿಸಲು ಒಂದು ಲಗೇಜ್ ಆಟೋ, ಇಬ್ಬರು ಹಮಾಲರು, ಒಬ್ಬ ಬಡಗಿ ಇದ್ದರೆ ಸಾಕು. ಅಲ್ಲಿ ಕೂಲಿ ದುಬಾರಿ. ಹೊರುವುದು, ಜೋಡಿಸುವುದು ಎಲ್ಲ ನಮ್ಮದೇ ಕೆಲಸ. ಆದ್ದರಿಂದ ಮೊದಲ ವಾರವೇ ಎಲ್ಲ ಸಾಮಾನು ಕೊಳ್ಳಲು ಹೋಗಬೇಡಿ. ಮಲಗಲು, ಅಡುಗೆ ಮಾಡಲು, ಬೆಳಕಿಗೆ ಏನು ಬೇಕೋ ಅಷ್ಟನ್ನೇ ತನ್ನಿ. ಸೋಫಾ ಆಮೇಲೆ ಬರಲಿ.

ಕರಾರಿಗೆ ಸಹಿ ಹಾಕುವ ಮುಂಚೆ

'ಮನೆಯಲ್ಲಿ ಅಡುಗೆಮನೆ ಇದೆಯಾ?' ಇದು ವಿಚಿತ್ರ ಪ್ರಶ್ನೆ ಅನ್ನಿಸಬಹುದು. ಆದರೆ ಕೇಳಲೇಬೇಕು. ಅಲ್ಲಿನ ಎಷ್ಟೋ ಬಾಡಿಗೆ ಮನೆಗಳಲ್ಲಿ ಅಡುಗೆಮನೆ ಎಂದರೆ ನೀರಿನ ಪೈಪು, ಒಲೆಗೆ ಕರೆಂಟ್ ಕನೆಕ್ಷನ್ ಇರುವ ಖಾಲಿ ಕೋಣೆ ಅಷ್ಟೇ. ಸಿಂಕ್, ಒಲೆ, ಕಬೋರ್ಡು ಯಾವುದೂ ಇರುವುದಿಲ್ಲ. ಹಿಂದಿನ ಬಾಡಿಗೆದಾರರು ತಮ್ಮದನ್ನು ಬಿಚ್ಚಿಕೊಂಡು ಹೋಗಿರುತ್ತಾರೆ. ಲೈಟನ್ನೂ ಒಯ್ದಿರುತ್ತಾರೆ. ತಲೆ ಎತ್ತಿ ನೋಡಿದರೆ ತಾರಸಿಯಿಂದ ಬರೀ ವೈರು ನೇತಾಡುತ್ತಿರುತ್ತದೆ. ಹೊಸ ಅಡುಗೆಮನೆ ಆರ್ಡರ್ ಮಾಡಿದರೆ ವಾರಗಟ್ಟಲೆ ಕಾಯಬೇಕಾಗಬಹುದು. ಜಾಹೀರಾತಿನಲ್ಲಿ 'ಇಬಿಕೆ' ಎಂದಿದ್ದರೆ ಅಡುಗೆಮನೆ ಜೋಡಿಸಿದ್ದೇ ಇದೆ ಎಂದು ಅರ್ಥ. ಹೊಸಬರಿಗೆ ಅಂಥ ಮನೆಯೇ ಒಳ್ಳೆಯದು, ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ. ಹಿಂದಿನವರಿಂದ ದುಡ್ಡು ಕೊಟ್ಟು ಕೊಳ್ಳುವುದಾದರೆ ಯಾವ್ಯಾವ ಸಾಮಾನು, ಎಷ್ಟಕ್ಕೆ ಎಂದು ಬರೆಸಿಕೊಳ್ಳಿ.

ಅಡ್ವಾನ್ಸ್ ವಿಷಯದಲ್ಲಿ ಕಾನೂನು ನಿಮ್ಮ ಕಡೆಗಿದೆ. ಹೀಟಿಂಗ್ ಮುಂತಾದ ಖರ್ಚು ಬಿಟ್ಟು, ಮೂಲ ಬಾಡಿಗೆಯ 3 ತಿಂಗಳಿಗಿಂತ ಹೆಚ್ಚು ಕೇಳುವಂತಿಲ್ಲ. ಅದನ್ನೂ 3 ಕಂತಿನಲ್ಲಿ ಕಟ್ಟಬಹುದು. ಮನೆ ನೋಡದೆ ಒಂದು ಪೈಸೆಯನ್ನೂ ಕಳಿಸಬೇಡಿ. 'ನಾನು ಬೇರೆ ದೇಶದಲ್ಲಿದ್ದೇನೆ, ದುಡ್ಡು ಹಾಕಿ, ಕೀ ಪೋಸ್ಟ್‌ನಲ್ಲಿ ಬರುತ್ತದೆ' ಎಂದರೆ ಅದು ಮೋಸ.

ಮಂಚ, ಹಾಸಿಗೆ

ಅಂಗಡಿಯಲ್ಲಿ ಮಂಚದ ಮೇಲೆ ಅಂಟಿಸಿದ ಬೆಲೆ ಎಷ್ಟೋ ಸಲ ಚೌಕಟ್ಟಿನದು ಮಾತ್ರ. ನಮ್ಮಲ್ಲಿ ಮಂಚಕ್ಕೆ ಪ್ಲೈವುಡ್ ಹಾಕಿಯೇ ಕೊಡುತ್ತಾರೆ, ಅಲ್ವಾ? ಅಲ್ಲಿ ಹಾಸಿಗೆಯ ಕೆಳಗಿನ ಪಟ್ಟಿಗಳ ಚೌಕಟ್ಟನ್ನು ಬೇರೆ ಕೊಳ್ಳಬೇಕಾಗಬಹುದು. ಅದಕ್ಕೆ 'ಲಾಟನ್‌ರೋಸ್ಟ್' ಅನ್ನುತ್ತಾರೆ. ಹಾಸಿಗೆಯೂ ಬೇರೆ. ಮೂರನ್ನೂ ಕೂಡಿಸಿ ಲೆಕ್ಕ ಹಾಕಿ. 90, 140, 180 ಸೆಂ.ಮೀ. ಅಗಲ, 200 ಸೆಂ.ಮೀ. ಉದ್ದದ ಹಾಸಿಗೆಗಳು ಎಲ್ಲ ಕಡೆ ಸಿಗುತ್ತವೆ. ಊರಿಂದ ಬೆಡ್‌ಶೀಟ್ ಒಯ್ಯುವುದಾದರೆ ಈ ಅಳತೆ ನೋಡಿಕೊಳ್ಳಿ.

ಯಾವ ದೊಡ್ಡ ಸಾಮಾನೇ ಆಗಲಿ, ಕೊಳ್ಳುವ ಮುಂಚೆ ಕೋಣೆಯ ಜೊತೆಗೆ ಬಾಗಿಲು, ಮೆಟ್ಟಿಲಿನ ತಿರುವನ್ನೂ ಟೇಪು ಹಿಡಿದು ಅಳೆಯಿರಿ. ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಇರದೇ ಇರಬಹುದು. ಡೆಲಿವರಿ ಎಲ್ಲಿಯವರೆಗೆ ಎಂಬುದನ್ನೂ ಕೇಳಿ. ಕೆಲವರು ಫುಟ್‌ಪಾತ್ ಅಂಚಿಗೆ ಇಳಿಸಿ ಹೋಗುತ್ತಾರೆ. ನೀವು ನಾಲ್ಕನೇ ಮಹಡಿಯಲ್ಲಿದ್ದರೆ ಅಲ್ಲಿಂದ ಹೊರುವವರು ನೀವೇ.

ಹಳೆಯ ಸಾಮಾನು

ಮೇಜು, ಕುರ್ಚಿ, ಬೀರುಗಳನ್ನು ಸೆಕೆಂಡ್ ಹ್ಯಾಂಡ್ ಕೊಳ್ಳಲು ಸಂಕೋಚ ಬೇಡ. 'ಕ್ಲೈನ್‌ಆನ್‌ಝೈಗನ್' ಎಂಬ ಜಾಲತಾಣದಲ್ಲಿ ಜನ ನೇರವಾಗಿ ಮಾರುತ್ತಾರೆ, ಕೆಲವರು ಸುಮ್ನೆ ಕೊಟ್ಟೂಬಿಡುತ್ತಾರೆ. ಹೋಗಿ ನೋಡಿ, ಆಮೇಲೆ ದುಡ್ಡು ಕೊಡಿ. ರಸ್ತೆ ಬದಿಯಲ್ಲಿ ಬಿಟ್ಟ ಹಾಸಿಗೆ, ಸೋಫಾ ಮಾತ್ರ ತರಬೇಡಿ. ತಿಗಣೆ ಮನೆ ಹೊಕ್ಕರೆ ಓಡಿಸುವುದು ಬಹಳ ಕಷ್ಟ.

ಹೊಸದನ್ನು ಆನ್‌ಲೈನ್‌ನಲ್ಲಿ ಕೊಂಡರೆ, ಕೈಗೆ ಬಂದ 14 ದಿನದೊಳಗೆ ಬೇಡವೆನ್ನುವ ಹಕ್ಕು ಸಾಮಾನ್ಯವಾಗಿ ಇರುತ್ತದೆ. ಅಲ್ಲಿಯವರೆಗೆ ಡಬ್ಬ ಎಸೆಯಬೇಡಿ.

ಊರಿಂದ ಏನು ಒಯ್ಯಬೇಕು

ಕುಕ್ಕರ್ ಒಯ್ಯಿರಿ, ಆದರೆ ತಳಕ್ಕೆ ಒಂದು ಫ್ರಿಜ್ ಮ್ಯಾಗ್ನೆಟ್ ಹಿಡಿದು ನೋಡಿ. ಗಟ್ಟಿಯಾಗಿ ಕಚ್ಚಿಕೊಂಡರೆ ಇಂಡಕ್ಷನ್ ಒಲೆಗೂ ಆಗುತ್ತದೆ. ಜಾರಿ ಬಿದ್ದರೆ ಆಗುವುದಿಲ್ಲ. ತಳ ದುಂಡಗಿರುವ ಬಾಣಲೆ ಅಲ್ಲಿನ ಚಪ್ಪಟೆ ಒಲೆಗೆ ಕೂರುವುದಿಲ್ಲ. ಚಪ್ಪಟೆ ಕಬ್ಬಿಣದ ಕಾವಲಿ ಭಾರವಾದರೂ ಒಯ್ಯುವುದೇ ಸರಿ. ವೋಲ್ಟೇಜ್ ಅಲ್ಲೂ 230 ಇರುವುದರಿಂದ ನಮ್ಮ ಮಿಕ್ಸಿ ಓಡುತ್ತದೆ. ಮೂರು ಪಿನ್ನಿನ ಪ್ಲಗ್ ಹೋಗುವುದಿಲ್ಲ, ಅರ್ಥಿಂಗ್ ಇರುವ ಅಡಾಪ್ಟರ್ ಬೇಕು.

ಅಮ್ಮಂದಿರು ಇದೊಂದನ್ನು ದಯವಿಟ್ಟು ಗಮನಿಸಿ. ಭಾರತದಿಂದ ಹೋಗುವವರು ಹಾಲಿನ ಪದಾರ್ಥ, ಮಾಂಸ ಒಯ್ಯುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ತುಪ್ಪ, ಪೇಡ ಕಟ್ಟಿಕೊಟ್ಟರೆ ಏರ್‌ಪೋರ್ಟ್‌ನಲ್ಲೇ ಕಿತ್ತುಕೊಳ್ಳಬಹುದು. ಚಿಕ್ಕಮಗಳೂರಿನ ಕಾಫಿಪುಡಿ, ಮನೆಯ ಸಾರಿನ ಪುಡಿಗೆ ಈ ನಿಷೇಧ ಅನ್ವಯಿಸುವುದಿಲ್ಲ.

ಮನೆಗೆ ಬಂದ ಮೇಲೆ

2 ವಾರದೊಳಗೆ ಪಾಲಿಕೆ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಮನೆ ಕೊಟ್ಟವರಿಂದ ಅದಕ್ಕೊಂದು ದೃಢೀಕರಣ ಪತ್ರ ಬೇಕು, ಕೀ ತೆಗೆದುಕೊಳ್ಳುವಾಗಲೇ ಕೇಳಿ. ಅದೇ ದಿನ ಕಾಲಿಂಗ್ ಬೆಲ್ ಮತ್ತು ಅಂಚೆ ಡಬ್ಬದ ಮೇಲೆ ನಿಮ್ಮ ಹೆಸರು ಅಂಟಿಸಿ. ಅಪಾರ್ಟ್‌ಮೆಂಟಿನಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರ್ ಇರುವುದಿಲ್ಲ, ಹೆಸರು ನೋಡಿಯೇ ಟಪಾಲು ಹಾಕುತ್ತಾರೆ. ಹೆಸರಿಲ್ಲದಿದ್ದರೆ ಬ್ಯಾಂಕ್ ಕಾರ್ಡ್ ಕೂಡ ವಾಪಸ್ ಹೋಗಬಹುದು.

ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ. ಹಾಲು, ಬ್ರೆಡ್ಡು, ಬಲ್ಬು ಶನಿವಾರವೇ ತಂದಿಡಿ. ಭಾನುವಾರ ಮತ್ತು ರಾತ್ರಿ 10ರ ಮೇಲೆ ಗೋಡೆಗೆ ಡ್ರಿಲ್ ಹಾಕುವಂತಿಲ್ಲ. ಮಂಚ ಜೋಡಿಸುವ ಕೆಲಸ ಶನಿವಾರ ಸಂಜೆಯೊಳಗೆ ಮುಗಿಯಲಿ.