ಕಾರ್ಟಿಸಾಲ್ ಟೆಸ್ಟಿಗಿಂತ ಮೊದಲು ಒಂದು ಹಾಳೆ

ಟೆನ್ಷನ್ ಜಾಸ್ತಿ, ಸ್ಟ್ರೆಸ್ ಹಾರ್ಮೋನ್ ಕಾರ್ಟಿಸಾಲ್ ಟೆಸ್ಟ್ ಬರೆದುಕೊಡಿ ಎಂದು ಮಂಡ್ಯದ ಕಡೆಯ ಹಳ್ಳಿಗಳವರೂ ಈಗ ಕೇಳುತ್ತಾರೆ. ನಾನು ಸಾಮಾನ್ಯವಾಗಿ ಬರೆಯುವುದಿಲ್ಲ. ಬೆಳಿಗ್ಗೆ ಎದ್ದ ಅರ್ಧ ಮುಕ್ಕಾಲು ಗಂಟೆಯಲ್ಲಿ ಕಾರ್ಟಿಸಾಲ್ ದಿನದ ತುದಿ ಮುಟ್ಟುತ್ತದೆ, ನಡುರಾತ್ರಿ ಹೊತ್ತಿಗೆ ತಳ ಸೇರುತ್ತದೆ. ಒಂದು ಸಲ ತೆಗೆದ ರಕ್ತ ಆ ಗಳಿಗೆಯ ಮಟ್ಟ ಹೇಳೀತೇ ಹೊರತು ಮೂರು ತಿಂಗಳ ಸಂಕಟವನ್ನಲ್ಲ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಂತೂ ಹಾರ್ಮೋನನ್ನು ಹೊರುವ ಪ್ರೋಟೀನು ಹೆಚ್ಚಿ, ಅಂಕಿ ಸುಮ್ಮನೆ ಏರಿರುತ್ತದೆ.

ಮುಖ ಗುಂಡಗಾಗಿ, ಹೊಟ್ಟೆಯ ಮೇಲೆ ಅಗಲವಾದ ನೇರಳೆ ಗೀರು ಮೂಡಿ, ಕೂತವರಿಗೆ ಏಳಲು ತೊಡೆಯಲ್ಲಿ ಬಲವಿಲ್ಲದಿದ್ದರೆ ಮಾತು ಬೇರೆ. ಆಗ ಟೆಸ್ಟು ಬೇಕೇ ಬೇಕು. ಅದಕ್ಕೂ ಮುಂಚೆ, ಮಂಡಿನೋವಿಗೆಂದು ಹೆಸರಿಲ್ಲದ ಪುಡಿ, ಮಾತ್ರೆ ನುಂಗುತ್ತಿದ್ದೀರಾ ಎಂದು ಕೇಳುತ್ತೇನೆ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಮೂತ್ರಪಿಂಡದ ನೆತ್ತಿಯ ಮೇಲಿದ್ದು ಕಾರ್ಟಿಸಾಲ್ ತಯಾರಿಸುವ ಅಡ್ರಿನಲ್ ಗ್ರಂಥಿ ತನ್ನ ಕೆಲಸವನ್ನೇ ನಿಲ್ಲಿಸಿರಬಹುದು. ಅಂಥ ಮಾತ್ರೆಯನ್ನು ದಿಢೀರನೆ ಬಿಟ್ಟರೆ ಬಿಪಿ ಕುಸಿದು ಜೀವಕ್ಕೇ ಕುತ್ತು. ವೈದ್ಯರ ಕಣ್ಣಳತೆಯಲ್ಲಿ ಹಂತಹಂತವಾಗಿ ಇಳಿಸಬೇಕು.

ಉಳಿದವರಿಗೆ ಬಿಪಿ, ಸಕ್ಕರೆ, ಹಿಮೋಗ್ಲೋಬಿನ್, ಥೈರಾಯ್ಡ್. ಎದೆ ಹಿಡಿದಂತಾದರೆ ಇಸಿಜಿ. ಆಮೇಲೆ ಒಂದು ಹಾಳೆ, 14 ದಿನಕ್ಕೆ. ಮಲಗಿದ್ದು, ಎದ್ದಿದ್ದು, ನಡುವೆ ಎಚ್ಚರವಾಗಿದ್ದು, ಕೊನೆಯ ಕಾಫಿ ಟೀ, ಸಿಟ್ಟೋ ಗಾಬರಿಯೋ ಬಂದ ಹೊತ್ತು, ಅದಕ್ಕೆ 10ಕ್ಕೆ ಎಷ್ಟು. ಬರೆಯಲು ಬಾರದವರ ಮನೆಯಲ್ಲಿ ಮಕ್ಕಳು ತುಂಬುತ್ತಾರೆ.

ಹಾಳೆ ಬಂದಾಗ ಕಾರಣ ಎದ್ದು ಕಾಣುತ್ತದೆ. ಕಬ್ಬಿನವರದ್ದಾದರೆ ರಾತ್ರಿ ತ್ರೀ ಫೇಸ್ ಕರೆಂಟು: ಎಷ್ಟು ಹೊತ್ತಿಗೆ ಬರುತ್ತದೋ ಎಂದು ಕಿವಿ ಪಂಪ್‌ಸೆಟ್ಟಿನ ಕಡೆಗೇ ಇರುತ್ತದೆ, ಮಲಗಿದರೂ ಮೈ ಮಲಗುವುದಿಲ್ಲ. ರೇಷ್ಮೆಯವರದ್ದಾದರೆ ಹುಳು ನಾಲ್ಕನೇ ಜ್ವರ (ಪೊರೆ ಕಳಚುವ ನಿದ್ದೆ) ಎದ್ದ ಮೇಲಿನ ಒಂದು ವಾರ. ಒಟ್ಟು ಸೊಪ್ಪಿನ ಮುಕ್ಕಾಲು ಪಾಲಿಗಿಂತ ಹೆಚ್ಚು ಆಗಲೇ ಖರ್ಚು, ಸರಿರಾತ್ರಿಯೂ ಸೊಪ್ಪು ಹಾಕಬೇಕು. ಮನೆಯಲ್ಲಿ ಜಗಳದ ಗುರುತು ಅದೇ ವಾರದಲ್ಲಿ ಸಾಲಾಗಿ ಬಿದ್ದಿರುತ್ತದೆ. ನಿದ್ದೆಗೆಟ್ಟ ಮಿದುಳಿನಲ್ಲಿ ಭಯ, ಸಿಟ್ಟನ್ನು ಎಬ್ಬಿಸುವ ಅಮಿಗ್ಡಾಲಾ ಸಣ್ಣದಕ್ಕೂ ಸಿಡಿಯುತ್ತದೆ. ಹಣೆಯ ಹಿಂದಿನ ಲಗಾಮು ಸಡಿಲಾಗಿರುತ್ತದೆ. ಮನುಷ್ಯ ಕೆಟ್ಟವನಾದ ಎಂದುಕೊಂಡಿದ್ದ ಮನೆಯವರಿಗೆ ಈ ಹಾಳೆ ತೋರಿಸುವುದು ಅರ್ಧ ಚಿಕಿತ್ಸೆ.

ಟೆನ್ಷನ್ ಮಾಡ್ಕೋಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಸಾಲ ಉಸಿರಾಟದಿಂದ ತೀರುವುದಿಲ್ಲ. ಬದಲಿಸಲಾಗುವುದನ್ನಷ್ಟೇ ಹಿಡಿಯುತ್ತೇನೆ. ಪಕ್ಕದ ಜಮೀನಿನವರ ಜೊತೆ ಸರದಿ ಮಾಡಿಕೊಂಡು ಒಂದು ರಾತ್ರಿ ಅವರು, ಒಂದು ರಾತ್ರಿ ಇವರು ನೀರು ನೋಡುವುದು. ಮಿಕ್ಕ ದಿನ ಏಳುವ ಹೊತ್ತು ಅರ್ಧ ಗಂಟೆಗಿಂತ ಆಚೀಚೆ ಆಗಬಾರದು. ಎದ್ದ ಮೇಲೆ 20 ನಿಮಿಷ ನಾಲೆ ಏರಿಯ ಮೇಲೆ ಬೆಳಕಿನಲ್ಲಿ ನಡಿಗೆ. ಮಧ್ಯಾಹ್ನ 2ರ ಮೇಲೆ ಕಾಫಿ ಟೀ ಬೇಡ. ಕೆಫೀನು ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು, ಸಂಜೆ 6ರದ್ದು ರಾತ್ರಿ 11ಕ್ಕೂ ಅರ್ಧ ಒಳಗಿರುತ್ತದೆ. ನಿದ್ದೆಗೆಂದು ಕ್ವಾರ್ಟರ್ ಹಾಕುವವರು ಬೇಗ ಮಲಗುತ್ತಾರೆ ನಿಜ, ಆದರೆ ನಸುಕಿಗೆ ಮುಂಚೆಯೇ ಎದೆ ಡವಡವ ಎಂದು ಏಳುತ್ತಾರೆ.

ಉಸಿರಾಟವನ್ನು ಎದುರಿಗೇ ಕೂರಿಸಿ ಮಾಡಿಸುತ್ತೇನೆ. ಬೆನ್ನು ಕುರ್ಚಿಗೆ ಆನಿಸಿ, ಅಂಗೈ ಹೊಕ್ಕುಳ ಮೇಲೆ. ಮೂಗಿನಿಂದ 4 ಎಣಿಸುವಷ್ಟು ಒಳಗೆ, 6 ಎಣಿಸುವಷ್ಟು ಹೊರಗೆ. ನಿಮಿಷಕ್ಕೆ 6 ಉಸಿರು, 5 ನಿಮಿಷ, ದಿನಕ್ಕೆರಡು ಸಲ. ಉಸಿರು ಬಿಡುವಾಗ ಹೃದಯದ ಬಡಿತ ತಾನೇ ನಿಧಾನವಾಗುತ್ತದೆ, ಅದಕ್ಕೇ ಹೊರಗಿನ ಉಸಿರು ಉದ್ದ. ಹೆಚ್ಚಿನವರು ಎಡವುವುದು ಎದೆಯುಬ್ಬಿಸಿ ಜೋರಾಗಿ ಎಳೆಯುವಲ್ಲಿ. ಇಂಗಾಲದ ಡೈಆಕ್ಸೈಡ್ ತೀರಾ ಇಳಿದು ಬೆರಳು ಜುಮ್ಮೆನ್ನುತ್ತದೆ, ತುಟಿ ಮರಗಟ್ಟುತ್ತದೆ, ಗಾಬರಿ ಇಮ್ಮಡಿಸುತ್ತದೆ. ಕಡಿಮೆ ಎಳೆದು, ಬಿಸಿ ಹಾಲು ಆರಿಸುವ ಹಾಗೆ ತುಟಿ ಕಿರಿದು ಮಾಡಿ ಬಿಟ್ಟರೆ ಸರಿಹೋಗುತ್ತದೆ. ಮನಸ್ಸು ತಣ್ಣಗಿರುವಾಗಲೇ ರೂಢಿಯಾಗಬೇಕು. ಗಾಬರಿ ಬಂದ ಮೇಲೆ ಕಲಿಯಲು ಹೊರಟರೆ ಕೈಗೆ ಹತ್ತುವುದಿಲ್ಲ.

ಇನ್ನೊಂದು ಲೆಕ್ಕವನ್ನು ಗಂಡ ಹೆಂಡತಿ ಇಬ್ಬರಿಗೂ ಹೇಳುತ್ತೇನೆ. ಜಗಳದಲ್ಲಿ ಚಿಮ್ಮಿದ ಅಡ್ರಿನಲಿನ್ ಕೆಲವೇ ನಿಮಿಷದಲ್ಲಿ ಕರಗುತ್ತದೆ, ಕಾರ್ಟಿಸಾಲ್ ಮಾತ್ರ 20–30 ನಿಮಿಷ ಕಳೆದೇ ತುದಿಗೇರುತ್ತದೆ. ಅರ್ಧ ಇಳಿಯಲು ಮತ್ತೆ ಗಂಟೆ, ಒಂದೂವರೆ ಗಂಟೆ ಬೇಕು. ಅಲ್ಲಿಯವರೆಗೂ ದುಡ್ಡಿನ ಮಾತು ಎತ್ತಬೇಡಿ.

14 ದಿನ ಕಳೆದರೂ ಯಾವುದರಲ್ಲೂ ಆಸೆಯಿಲ್ಲ, ಊಟ ಸೇರುವುದಿಲ್ಲ ಎಂದರೆ ಹಾಳೆ ಪಕ್ಕಕ್ಕಿಟ್ಟು ನೇರವಾಗಿ ಕೇಳುತ್ತೇನೆ: ಅಣ್ಣಾ, ಸಾಯೋ ಯೋಚನೆ ಬರುತ್ತಾ? ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ. ಹೌದೆಂದರೆ ಅಂದೇ ಮನೋವೈದ್ಯರ ಬಳಿಗೆ ಕಳಿಸುತ್ತೇನೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಮನೆಯವರ ಫೋನಿನಲ್ಲೇ ಹಾಕಿಕೊಡುತ್ತೇನೆ. ಬೆಳೆಗೆ ಹೊಡೆಯುವ ಔಷಧಿ ಡಬ್ಬಗಳು ಆ ಸಂಜೆಯೇ ಬೀಗದೊಳಗೆ ಹೋಗಬೇಕು, ಕೀಲಿಕೈ ಯಾರ ಬಳಿ ಇದೆ ಎಂದು ಮರುದಿನ ಫೋನ್ ಮಾಡಿ ವಿಚಾರಿಸುತ್ತೇನೆ.